ಸಂತೋಷದ ನಾಡಿ

ನೋಡುವುದು, ಆಲಿಸಿ ಮೂಸುವುದು, ಪ್ರಶ್ನೆ ಕೇಳುವುದು, ನಾಡಿ ಮುಟ್ಟುವುದು. ರೋಗದ ಮನೆಯೊಳಗೆ ಹೋಗಲು ಹಿರಿಯರು ತೆರೆದಿಟ್ಟ ಬಾಗಿಲುಗಳು ಇವು. ನಮ್ಮ ಊರಿನ ಪಾಂಗ್ ಪಂಡಿತರು ಕೊನೆಯದೊಂದನ್ನು ಬಿಟ್ಟು ಉಳಿದವನ್ನೆಲ್ಲ ಜನರ ಕಣ್ಣೆದುರಿಗೆ ಮುಚ್ಚಿ ಬಹಳ ಕಾಲವಾಗಿತ್ತು. ಕಾಲುವೆಯ ಸೇತುವೆಯ ಪಕ್ಕದ ಅವರ ಔಷಧಶಾಲೆಯ ಮೇಲೆ ಕಪ್ಪು ಅರಗಿನ ಹಲಗೆಯೊಂದು ತೂಗುತ್ತಿತ್ತು: ‘ರೋಗಿ ಬಾಯಿ ತೆರೆಯಬೇಕಿಲ್ಲ.’

ಬಾಯಿ ತೆರೆದವನ ಗತಿ ನಗೆಪಾಟಲು. ಮೀನು ಮಾರುವವನೊಬ್ಬ ಅಭ್ಯಾಸಬಲದಿಂದ, “ಪಂಡಿತರೇ, ಹೊಟ್ಟೆನೋವು” ಎಂದುಬಿಟ್ಟರೆ ಅವರು ಅವನ ಮಣಿಕಟ್ಟನ್ನು ನಾಡಿ ನೋಡುವ ಮೆತ್ತೆಯಿಂದ ಎತ್ತಿ ಅವನ ತೊಡೆಯ ಮೇಲೆಯೇ ಇಡುತ್ತಿದ್ದರು.

“ನಿಂಗೇ ಎಲ್ಲ ಗೊತ್ತಲ್ಲಪ್ಪ. ಇಗೋ ಕುಂಚ, ಇಗೋ ಮಸಿ. ಔಷಧೀನೂ ನೀನೇ ಬರ್ಕೋ.”

ಬೆಂಚಿನ ಮೇಲೆ ಕುಳಿತವರೆಲ್ಲ ನಗುತ್ತಿದ್ದರು, ನೋವಿನಲ್ಲಿದ್ದವರು ಕೂಡ. ಕಾಯಿಲೆಯನ್ನು ತಾನಾಗಿ ಹೇಳುವುದೆಂದರೆ ಇಸ್ಪೀಟಾಟದಲ್ಲಿ ಕೈಯೊಳಗಿನ ಎಲೆಯನ್ನು ಎದುರಾಳಿಗೆ ತೋರಿಸಿದಂತೆ ಎಂದು ನಮ್ಮವರು ನಂಬಿದ್ದರು. ಸಾಯುವ ಹೊತ್ತಿನಲ್ಲೂ ತುಟಿ ಬಿಗಿದುಕೊಂಡು ಪಂಡಿತರನ್ನು ಪರೀಕ್ಷಿಸಿದವರುಂಟು.

ಪಂಡಿತರ ಬೆರಳುಗಳು ನಿಜಕ್ಕೂ ಚುರುಕಾಗಿದ್ದವು. ಆದರೆ ಅವುಗಳಿಗಿಂತ ಚುರುಕಾದದ್ದು ಅವರ ಅರೆಮುಚ್ಚಿದ ಕಣ್ಣು. ಧ್ಯಾನದಲ್ಲಿರುವಂತೆ ತಲೆ ಬಾಗಿಸಿ ಅವರು ಪೀಕದಾನಿಯನ್ನು ನೋಡುತ್ತಿದ್ದರು, ಹಾಸಿಗೆಯ ಬಳಿಯ ಬಟ್ಟಲಿನ ತಳವನ್ನು ನೋಡುತ್ತಿದ್ದರು, ಚಪ್ಪಲಿಯ ಸವೆದ ಅಂಚನ್ನು ನೋಡುತ್ತಿದ್ದರು. ಕಂಡದ್ದನ್ನು ನಾಡಿ ಹೇಳಿತು ಎನ್ನುತ್ತಿದ್ದರು. ಕೀರ್ತಿ ಬೆಳೆದದ್ದು ಹಾಗೆ. ಮುಂಜಾನೆಯ ಮಂಜು ಕಾಲುವೆಯನ್ನು ಹೊಳೆಯನ್ನಾಗಿ ಮಾಡಿ ತೋರಿಸುವ ಹಾಗೆ.

ಕಾಲುವೆಯ ಕೆಳದಂಡೆಯ ಹಳ್ಳಿಯಲ್ಲಿ ಚ್ಯೂ ಮನೆತನದವರು ಅಕ್ಕಿಯ ಮದ್ಯ ಮಾಡುತ್ತಿದ್ದರು. ಆ ಮನೆಯ ಸೊಸೆ ರೂಯಿನ್. ಗಂಡ ಸನ್ನಿಪಾತ ಜ್ವರದಲ್ಲಿ ಸತ್ತು ಎರಡು ಚಳಿಗಾಲ ಕಳೆದಿದ್ದವು. ಮಿಯಾನ್ ಎಂಬ ಐದು ವರ್ಷದ ಮಗಳಿದ್ದಳು. ಆ ವರ್ಷ ಪ್ಲಮ್ ಹಣ್ಣಾಗುವ ಕಾಲದ ಜಿಟಿಜಿಟಿ ಮಳೆ ಹಿಡಿದಾಗಿನಿಂದ ರೂಯಿನಳಿಗೆ ಬೆಳಿಗ್ಗೆ ಎದ್ದರೆ ವಾಂತಿ. ಹೊಟ್ಟೆ ಉಬ್ಬಿತು, ಮೈ ಭಾರವಾಯಿತು, ತಿಂಗಳ ಮುಟ್ಟು ನಿಂತಿತು. ಪಿತೃಗಳ ಎಡೆಗಿಟ್ಟು ತಣ್ಣಗಾದ ಅಂಟಕ್ಕಿಯ ಕಡುಬುಗಳೇ ವಿಧವೆ ಸೊಸೆಯ ಪಾಲಿನ ಊಟವಾಗಿದ್ದ ಆ ಮನೆಯಲ್ಲಿ, ಅವಳು ಏನು ತಿನ್ನುತ್ತಾಳೆಂದು ಯಾರೂ ಗಮನಿಸಿರಲಿಲ್ಲ. ಮುಟ್ಟಿನ ಬಟ್ಟೆಗಳು ಹಗ್ಗದ ಮೇಲೆ ಕಾಣದೇ ಹೋದದ್ದನ್ನು ಮಾತ್ರ ಅತ್ತೆ ಗಮನಿಸಿದ್ದರು.

“ಅತ್ತೆ, ಮಿಯಾನ್ ತಲೆ ಮೇಲೆ ಕೈ ಇಟ್ಟು ಆಣೆ ಮಾಡ್ತೀನಿ.”

“ಮಗು ತಲೆ ಮೇಲಿಂದ ಕೈ ತೆಗಿ. ಆಣೆ ಯಾರ್ ಬೇಕಾದ್ರೂ ಮಾಡ್ತಾರೆ. ಪಾಂಗ್ ಪಂಡಿತರನ್ನ ಕರೆಸ್ತೀನಿ. ಏನೂ ಇಲ್ಲ ಅಂತ ಬಂದ್ರೆ ನಿನ್ನ ಮಗು ನಿನ್ನ ಮಡಿಲಲ್ಲೇ ಇರತ್ತೆ. ಇದೆ ಅಂತ ಬಂದ್ರೆ, ನೆನಪಿಟ್ಕೋ, ಮಿಯಾನ್ ಈ ಮನೆ ರಕ್ತ. ನೀನಲ್ಲ.”

ಅತ್ತೆ ಕ್ರೂರಿಯೆಂದು ಊರಿನಲ್ಲಿ ಹೆಸರಾದವರಲ್ಲ. ನ್ಯಾಯವಂತೆ ಎಂದು ಹೆಸರಾಗಿದ್ದರು. ಪರೀಕ್ಷೆ ನ್ಯಾಯವಾಗಿ ನಡೆಯಬೇಕೆಂದೇ ಅವರು ನಡುಮನೆಯಲ್ಲಿ ಪೂಜೆಗಿಟ್ಟಿದ್ದ, ಸತ್ತ ಮಗನ ಹೆಸರು ಕೆತ್ತಿದ ಪ್ರೇತಫಲಕವನ್ನು ತೆಗೆದು ಬೀರುವಿನೊಳಗೆ ಇಟ್ಟರು. ಬಾಗಿಲ ಮೇಲಿದ್ದ ಸಾವಿನ ಬಿಳಿ ಕಾಗದ ಕಿತ್ತು ಶುಭದ ಕೆಂಪು ಕಾಗದ ಅಂಟಿಸಿದರು. ಇದು ವಿಧವೆಯ ಕೋಣೆಯೆಂದು ಪಂಡಿತರಿಗೆ ಗೋಡೆಗಳು ಹೇಳಿಕೊಡಬಾರದು, ನಾಡಿಯೇ ಹೇಳಬೇಕು.

ಪಂಡಿತರು ದೋಣಿಯಲ್ಲಿ ಬಂದರು. ಮಂಚದ ಪರದೆ ಇಳಿಬಿಟ್ಟಿತ್ತು. ಅದರ ಸಂದಿಯಿಂದ ಒಂದು ಕೈ ಹೊರಬಂದು ಪುಟ್ಟ ಮೆತ್ತೆಯ ಮೇಲೆ ಮಲಗಿತು. ಅವರು ಮೂರು ಬೆರಳಿಟ್ಟು ತಲೆ ಬಾಗಿಸಿದರು. ಅರೆಮುಚ್ಚಿದ ಕಣ್ಣಿಗೆ ಕೆಂಪು ಕಾಗದ ಕಂಡಿತು. ಮಂಚದ ಕಾಲಿನ ಬಳಿ, ವಾಕರಿಕೆ ತಡೆಯಲೆಂದು ರೂಯಿನ್ ಇಟ್ಟುಕೊಂಡಿದ್ದ ಉಪ್ಪು ಪ್ಲಮ್ಮಿನ ಜಾಡಿ ಕಂಡಿತು. ಬೆರಳಿನಡಿಯಲ್ಲಿ ನಾಡಿ ದುಂಡಗೆ, ನುಣ್ಣಗೆ, ತಟ್ಟೆಯ ಮೇಲೆ ಮುತ್ತು ಉರುಳಿದಂತೆ ಉರುಳುತ್ತಿತ್ತು.

ಅವರು ಎದ್ದು ಎರಡೂ ಕೈ ಜೋಡಿಸಿ ನಕ್ಕರು. “ಸಿಹಿ ಹಂಚಿ ಯಜಮಾನ್ತಿಯವರೇ! ಸಂತೋಷದ ನಾಡಿ. ಮೂರು ತಿಂಗಳು ತುಂಬಿದೆ. ಬಹುಶಃ ಗಂಡು.”

ಅತ್ತೆ ಬೀರುವಿನ ಬಳಿ ಹೋಗಿ, ಪ್ರೇತಫಲಕವನ್ನು ತೆಗೆದು, ಅಂಗಿಯ ತೋಳಿನಿಂದ ಒರೆಸಿ, ಪಂಡಿತರ ಎದುರಿಗೆ ಮೇಜಿನ ಮೇಲೆ ಇಟ್ಟರು.

“ಇವನಿಗೆ ಹೇಳಿ. ನನ್ನ ಮಗ. ಎರಡು ವರ್ಷದಿಂದ ಇಲ್ಲೇ ಇದಾನೆ.”

ಅದೇ ಮುತ್ತು ಕಫ ಕಟ್ಟಿದ ದೇಹದಲ್ಲೂ ಉರುಳುತ್ತದೆ ಎಂಬುದು ಪಂಡಿತರು ತಮ್ಮ ಗುರುವಿನ ಮನೆಯಲ್ಲಿ ಮೊದಲ ವರ್ಷವೇ ಕಲಿತ ಪಾಠ. ಎರಡನ್ನೂ ಬೇರ್ಪಡಿಸಲು ನಾಲಿಗೆ ನೋಡಿದರೆ ಸಾಕಿತ್ತು. ಒಂದೆರಡು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ಅಷ್ಟರಲ್ಲಿ ಪರದೆಯೊಳಗಿಂದ ದನಿ ಬಂತು.

“ಪಂಡಿತರೇ, ನನ್ನನ್ನ ಏನಾದ್ರೂ ಕೇಳಿ. ಒಂದೇ ಒಂದು ಮಾತು ಕೇಳಿ. ಇಲ್ಲಾಂದ್ರೆ ನನ್ನ ನಾಲಿಗೆನಾದ್ರೂ ನೋಡಿ.”

ಪರದೆ ಸರಿಯಿತು. ಕಣ್ಣು ಮುಚ್ಚಿಕೊಂಡು, ತಪ್ಪು ಮಾಡಿದ ಮಗುವಿನಂತೆ, ಅವಳು ನಾಲಿಗೆಯನ್ನು ಉದ್ದಕ್ಕೆ ಚಾಚಿದ್ದಳು. ಹೊರಗಿನ ಗಂಡಸಿನ ಎದುರು ಮುಖ ತೋರಿಸಿದ್ದೇ ಹೆಚ್ಚು, ನಾಲಿಗೆ ಚಾಚುವುದೆಂದರೇನು! ಅತ್ತೆ ಅವಳ ಗಲ್ಲಕ್ಕೆ ಕೆಳಗಿನಿಂದ ಬಡಿದರು. ನಾಲಿಗೆ ಹಲ್ಲಿಗೆ ಸಿಕ್ಕಿ ರಕ್ತ ಬಂತು.

“ನಾಚಿಕೆ ಕೆಟ್ಟವಳೇ, ಮುಚ್ಚು!”

ಪಂಡಿತರು ಮರ್ಯಾದೆಗೆಂದು ಮುಖ ತಿರುಗಿಸಿದರು. ಆದರೆ ಆ ಚುರುಕು ಕಣ್ಣು ನೋಡಿಯಾಗಿತ್ತು: ನಾಲಿಗೆಯ ಮೇಲೆ ಬೆಳ್ಳಗೆ, ದಪ್ಪಗೆ, ಜಿಡ್ಡುಜಿಡ್ಡಾಗಿ ಹರಡಿದ ಲೇಪ. ಹುಳಿ ಬಂದ ಹಿಟ್ಟಿನ ಹಾಗೆ. ಕಫ. ಬರೀ ಕಫ.

ಅವರು ಟೋಪಿ ತೆಗೆದುಕೊಂಡರು. “ನಾಡಿ ಏನು ಹೇಳ್ತೋ ನಾನದನ್ನ ಹೇಳಿದೀನಿ ಯಜಮಾನ್ತಿಯವರೇ. ಉಳಿದದ್ದು ನಿಮ್ಮ ಮನೆ ವಿಚಾರ.”

ರೂಯಿನಳನ್ನು ಮದ್ಯದ ಖಾಲಿ ಗಡಿಗೆಗಳ ಕೋಣೆಯಲ್ಲಿ ಕೂಡಿಹಾಕಿದರು. ಬೀಗದ ಕೈ ಅತ್ತೆಯ ಸೊಂಟದಲ್ಲಿ. ಅಮ್ಮನಿಗೆ ಅಂಟುಜಾಡ್ಯವೆಂದು ಮಿಯಾನಳಿಗೆ ಹೇಳಿದ್ದರಿಂದ ಮಗು ಆ ಬಾಗಿಲ ಕಡೆ ಬರುವಾಗ ಮೂಗು ಹಿಡಿದುಕೊಂಡು ಓಡುತ್ತಿತ್ತು. ಬಾಗಿಲ ಬಿರುಕಿನಿಂದ ತಾಯಿ ಅದನ್ನು ನೋಡುತ್ತಿದ್ದಳು. ಅನ್ನದ ಬಟ್ಟಲು ಒಳಗೆ ತಳ್ಳುವಾಗ ಅತ್ತೆ ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದರು: “ಹುಟ್ಲಿ. ಮುಖ ನೋಡಿದ್ರೆ ಯಾರದು ಅಂತ ಊರಿಗೇ ಗೊತ್ತಾಗತ್ತೆ.” ಬಾವಿಕಟ್ಟೆಯಲ್ಲಿ ಹೆಂಗಸರು ಆಗಲೇ ಆ ಮುಖಕ್ಕೆ ಒಬ್ಬೊಬ್ಬರ ಮೂಗು, ಒಬ್ಬೊಬ್ಬರ ಕಿವಿ ಜೋಡಿಸುತ್ತಿದ್ದರು.

ಹುಟ್ಟಲಿಲ್ಲ. ಎಲೆ ಉದುರಿತು, ಹಿಮ ಬಿತ್ತು, ಹಿಮ ಕರಗಿತು, ವಿಲೋ ಮರ ಚಿಗುರಿತು. ಹೊಟ್ಟೆ ಇದ್ದಷ್ಟೇ ಇತ್ತು. ವಂಶದ ಹಿರಿಯರಾದ ದೊಡ್ಡಪ್ಪ ಒಂದು ದಿನ ಹುಕ್ಕದ ನೀರು ಗುಡುಗುಡಿಸುತ್ತ ಹೇಳಿದರು:

“ಅಲ್ಲಮ್ಮ, ಗಡ್ಡ ಬೆಳೆಸ್ಕೊಂಡೇ ಹೊರಗೆ ಬರ್ತೀನಿ ಅಂತ ಕೂತಿದೆಯೇನು ಒಳಗೆ? ನಾವೆಲ್ಲೋ ಎಡವಿದೀವಿ. ಆ ಪಂಡಿತನ್ನ ಇನ್ನೊಂದ್ಸಲ ಕರೆಸು. ಪರದೆ ಬೇಡ, ಗುಟ್ಟು ಬೇಡ. ನಾಲಿಗೆ ನೋಡ್ಲಿ, ಬಾಯಿಬಿಟ್ಟು ಕೇಳ್ಲಿ. ಅವನು ತಪ್ಪಿದ್ರೆ ನಾವೆಲ್ಲ ಈ ಹೆಣ್ಣಿಗೆ ಚಹಾ ಕೊಟ್ಟು ಕ್ಷಮೆ ಕೇಳಿ ಮಗೂನ ಕೈಗಿಡೋಣ. ಅವನು ಹಲಗೆ ಇಳಿಸ್ಲಿ.”

ಅತ್ತೆ ಒಪ್ಪಿದರು. ಅವರಿಗೂ ಈಚೆಗೆ ನಿದ್ದೆ ಬರುತ್ತಿರಲಿಲ್ಲ.

ಸುದ್ದಿ ತಿಳಿದಂದಿನಿಂದ ರೂಯಿನ್ ಚಹಾ ಮುಟ್ಟಲಿಲ್ಲ. ಪ್ಲಮ್ ನಾಲಿಗೆಯನ್ನು ಕಪ್ಪಾಗಿಸುತ್ತದೆ, ಕಿತ್ತಳೆ ಹಳದಿಯಾಗಿಸುತ್ತದೆ ಎಂದು ಅವಳಿಗೆ ಗೊತ್ತಿತ್ತು. ಬರೀ ಬಿಸಿನೀರು ಕುಡಿದಳು. ತನ್ನ ಬಾಯೊಳಗೆ ಇದ್ದ ಒಂದೇ ಸಾಕ್ಷಿಯನ್ನು ಅವಳು ಬಣ್ಣಗೆಡದಂತೆ ಕಾಪಾಡಿದಳು.

ನಡುಮನೆಯಲ್ಲಿ, ಹಗಲಿನ ಬೆಳಕಿನಲ್ಲಿ, ಪಂಡಿತರ ಎದುರಿಗೆ ಅವಳನ್ನು ಕೂರಿಸಿದರು. ದೊಡ್ಡಪ್ಪ ಹಲಗೆಯ ಮಾತನ್ನು ನಗುನಗುತ್ತಲೇ ಹೇಳಿದರು. ಪಂಡಿತರೂ ನಕ್ಕರು. ನಾಡಿ ಹಿಡಿದರು: ಅದೇ ಮುತ್ತು. ನಾಲಿಗೆ ಎಂದರು: ಅದೇ ಬಿಳಿ ಜಿಡ್ಡು, ಇನ್ನಷ್ಟು ದಪ್ಪವಾಗಿ. ಅವಳು ನಾಲಿಗೆಯನ್ನು ಒಳಗೆಳೆದುಕೊಳ್ಳದೆ ಅವರನ್ನೇ ನೋಡುತ್ತಿದ್ದಳು. ಆ ಕಣ್ಣುಗಳಲ್ಲಿ ಆಪಾದನೆ ಇರಲಿಲ್ಲ, ನಂಬಿಕೆ ಇತ್ತು. ಅದನ್ನು ಹೊತ್ತು ನಿಲ್ಲುವುದು ಆಪಾದನೆಗಿಂತ ಕಷ್ಟ.

ಅರ್ಧ ಆಯುಷ್ಯದ ನಂತರ ಪಂಡಿತರು ಒಬ್ಬ ರೋಗಿಯನ್ನು ಪ್ರಶ್ನೆ ಕೇಳಿದರು. ದನಿ ಮೃದುವಾಗಿತ್ತು.

“ತಾಯಿ, ನಾನು ಹೋದ್ಸಲ ಬಂದುಹೋದ್ಮೇಲೆ ಯಾವತ್ತಾದ್ರೂ ರಕ್ತ ಹೋಯ್ತಾ?”

ಅವಳ ಮುಖ ಅರಳಿತು. ಕೊನೆಗೂ ಕೇಳಿದ್ದರು. “ಹೋಯ್ತು ಪಂಡಿತರೇ. ಹಿಮ ಬೀಳೋ ಹೊತ್ತಲ್ಲಿ. ಅಷ್ಟು ದಿನ ನಿಂತಿದ್ದು ಒಂದೇ ಸಲ ಬಂತು. ತುಂಬಾ, ಗಂಟುಗಂಟಾಗಿ. ಸೊಂಟ ಮುರಿದ ಹಾಗೆ ನೋವು. ಆಮೇಲೆ ಮತ್ತೆ ನಿಂತೋಯ್ತು. ಬಾಯಲ್ಲಿ ಅಂಟು ಅಂಟು, ಎದೇಲಿ ಭಾರ, ಅದನ್ನೂ ಹೇಳ್ಲಾ?”

“ಬೇಡ ತಾಯಿ, ಸಾಕು.” ಪಂಡಿತರು ದೊಡ್ಡಪ್ಪನ ಕಡೆ ತಿರುಗಿದರು. “ಕೇಳಿದ್ರಲ್ಲ. ಅದೇ.”

ದೊಡ್ಡಪ್ಪನ ಹುಕ್ಕ ನಿಂತಿತು. ರೂಯಿನಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅಷ್ಟು ಹೊತ್ತೂ ಅವಳ ಮುಖದ ಮೇಲೆ ಆ ಅರಳಿದ ನಗು ಹಾಗೆಯೇ ಉಳಿದಿತ್ತು.

“ಯಾರೇ ಬಸುರು ಇಳಿಸೋ ಔಷಧಿ ತಂದುಕೊಟ್ಟೋರು?” ಎಂದರು ಅತ್ತೆ.

“ಯಾವ ಔಷಧಿ? ಬೀಗದ ಕೈ ನಿಮ್ಮ ಸೊಂಟದಲ್ಲೇ ಇತ್ತಲ್ಲ ಅತ್ತೆ!”

ಅದು ನಿಜವಾಗಿತ್ತು. ನಿಜವಾಗಿದ್ದದ್ದರಿಂದಲೇ ಪೆಟ್ಟು ಅಷ್ಟು ಜೋರಾಗಿ ಬಿತ್ತು. “ನನ್ನ ಕಾವಲಿನ ಮೇಲೇ ಗೂಬೆ ಕೂರಿಸ್ತೀಯಾ! ಬಸುರಾಗಿದ್ದು ಸಾಲ್ದು ಅಂತ ಕೊಂದೂಬಿಟ್ಯಾ!”

“ಸಾಕು ಬಿಡಮ್ಮ. ಪಂಡಿತರ ಕೈ ತಪ್ಪಲ್ಲ ಅಂತ ನಂಗೆ ಮೊದಲೇ ಗೊತ್ತಿತ್ತು” ಎಂದರು ದೊಡ್ಡಪ್ಪ, ಏಳುತ್ತ. ಸುಣ್ಣ ಸಾಗಿಸುವ ದೋಣಿಯವನೊಬ್ಬನಿಗೆ ಹೆಂಡತಿ ಸತ್ತಿದ್ದಳು; ಅವನು ಹೆಚ್ಚು ವಿಚಾರಿಸುವವನಲ್ಲ. ಇವಳನ್ನು ಕರೆದುಕೊಂಡು ಹೋಗಿ ಇಟ್ಟುಕೊಳ್ಳಲಿ ಎಂದು ಅವನಿಗೆ ಹೇಳಿಕಳಿಸಿದರು.

ಪಂಡಿತರು ಹೊರಡುವ ಮೊದಲು ಕುಂಚ ಕೇಳಿ ತೆಗೆದುಕೊಂಡು, ಒಳಗುಳಿದ ಕಲ್ಮಶ ತೊಳೆಯಲು ಎಂದು ಹೇಳಿ ಕಷಾಯವೊಂದನ್ನು ಬರೆದುಕೊಟ್ಟರು.

ಬೆಳಿಗ್ಗೆ ಅತ್ತೆ ತಾವೇ ಅದನ್ನು ಕುದಿಸಿದರು. ಹಳೆಯ ಕಿತ್ತಳೆ ಸಿಪ್ಪೆ, ಶುಂಠಿ, ಜ್ಯೇಷ್ಠಮಧು. ಹಬೆ ಮೇಲೆದ್ದು ಅಡುಗೆಮನೆ ತುಂಬಿತು. ಗಡಿಗೆಗಳ ಕೋಣೆಗೆ ಬಟ್ಟಲು ತಂದಾಗ, ಬಟ್ಟೆಗಂಟು ಕಟ್ಟಿಕೊಂಡು ಕುಳಿತಿದ್ದ ರೂಯಿನ್ ತಲೆಯೆತ್ತಿದಳು.

“ಅತ್ತೆ, ಇದು ಕಫದ ಕಷಾಯ.”

ಅತ್ತೆ ಬಟ್ಟಲನ್ನು ಮುಂದಕ್ಕೆ ಚಾಚಿದರು.

“ಚಳಿಗಾಲದಲ್ಲಿ ನಿಮಗೆ ಕಫ ಕಟ್ಟಿದಾಗ ನಾನೇ ಕುದಿಸಿ ಕೊಡ್ತಿದ್ನಲ್ಲ. ಅದೇ ವಾಸನೆ. ಮೂಸಿ ನೋಡಿ. ಬಸುರು ಇಳಿದೋರಿಗೆ ಯಾರಾದ್ರೂ ಇದನ್ನ ಕೊಡ್ತಾರಾ?”

ಅತ್ತೆ ಬಟ್ಟಲನ್ನು ಮುಖದ ಹತ್ತಿರ ತಂದು ಮೂಸಿದರು. ಒಲೆಯ ಮುಂದೆ ಬೆಳಗಿನಿಂದಲೂ ಮೂಸುತ್ತಲೇ ಇದ್ದರು. ಅವರ ಕೈಯೊಳಗೆ ಬಟ್ಟಲಿನ ಕಷಾಯ ಸಣ್ಣಗೆ ಅಲುಗಿತು; ಮೇಲೆ ತೇಲುತ್ತಿದ್ದ ಕಿಟಕಿಯ ಬೆಳಕು ಒಡೆದು, ಮತ್ತೆ ಕೂಡಿಕೊಂಡಿತು. ದೊಡ್ಡಪ್ಪ ದೋಣಿಯವನಿಗೆ ಮಾತು ಕೊಟ್ಟಾಗಿತ್ತು. ಊರು ಕೇಳಿಯಾಗಿತ್ತು. ಚಹಾ ಕೊಟ್ಟು ತಲೆ ಬಾಗಿಸಬೇಕಾದವರಲ್ಲಿ ಮೊದಲು ನಿಲ್ಲಬೇಕಾದವರು ಅವರೇ.

“ಬಿಸಿ ಇದ್ದಾಗ್ಲೇ ಕುಡಿ” ಎಂದರು. “ದೋಣಿಯೋನು ಕಾಯ್ತಿದಾನೆ.”

ರೂಯಿನ್ ಬಟ್ಟಲು ತೆಗೆದುಕೊಂಡು ಕೊನೆಯ ಹನಿಯವರೆಗೂ ಕುಡಿದಳು. ಔಷಧ ಸರಿಯಾಗಿಯೇ ಇತ್ತು.

“ಮಿಯಾನ್‌ನ ಒಂದ್ಸಲ ನೋಡ್ತೀನಿ ಅತ್ತೆ. ದೂರದಿಂದ.”

ಅಂಗಳದಲ್ಲಿ ಮಗು ಬಾತುಗಳನ್ನು ಕರೆಯುತ್ತಿದ್ದ ಸದ್ದು ಇಬ್ಬರಿಗೂ ಸ್ಪಷ್ಟವಾಗಿ ಕೇಳುತ್ತಿತ್ತು.

“ಮಲಗಿದಾಳೆ” ಎಂದರು ಅತ್ತೆ.