ಒಕ್ಕೂಟಕ್ಕೆ ಸೇರದೆ ಇದ್ದಿದ್ದರೆ

ಇಬ್ಬರು ಗಂಡಸರು ಮಾತು ಬಿಟ್ಟರೆ ಸಾಯುವವಳು ನಡುವೆ ಸಿಕ್ಕಿಕೊಂಡ ಹೆಂಗಸು. ನವೆಂಬರಿನಿಂದ ನನ್ನ ಪಾಡು ಅದೇ ಆಗಿತ್ತು. ನನ್ನ ಗಂಡ ಮೆರಿಲ್, ಅವನ ತಮ್ಮ ರಾಯ್ಸ್. ಒಬ್ಬರ ಮನೆಯ ಹೊಗೆ ಇನ್ನೊಬ್ಬರಿಗೆ ಕಾಣುವಷ್ಟು ಹತ್ತಿರ. ಆದರೂ, "ಗ್ಲೆಂಡಾ, ನಿನ್ನ ಮೈದುನನಿಗೆ ಹೇಳು, ನನ್ನ ಏಣಿ ವಾಪಸ್ ಬೇಕು" ಅಂತ ಇವನು. "ಅತ್ತಿಗೆ, ನಿಮ್ಮ ಯಜಮಾನರಿಗೆ ಹೇಳಿ, ಏಣಿ ಬೇಲಿಗೆ ಒರಗಿಸಿದೀನಿ, ಕಣ್ಣಿದ್ದರೆ ಕಾಣುತ್ತೆ" ಅಂತ ಅವನು. ಫೆಬ್ರವರಿ ಹೊತ್ತಿಗೆ ನನಗೆ ಸಾಕುಸಾಕಾಯಿತು. "ನಾನೇನು ನಿಮ್ಮನೆ ಅಂಚೆಯವಳಾ? ಬೇಕಾದರೆ ಮಾತಾಡಿ, ಬೇಡವಾದರೆ ಹಾಳಾಗಿ ಹೋಗಿ" ಅಂದೆ. ಇಬ್ಬರೂ ಎರಡನೆಯದನ್ನೇ ಆರಿಸಿಕೊಂಡರು.

ಜಗಳ ಹತ್ತಿದ್ದು ನನ್ನ ಊಟದ ಮೇಜಿನ ಮೇಲೇ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ. ಚುನಾವಣೆ ಮುಗಿದಿತ್ತು, ಟರ್ಕಿ ಕೋಳಿ ಇನ್ನೂ ಮುಗಿದಿರಲಿಲ್ಲ. ಅಣ್ಣ ಒಂದು ಪಕ್ಷ, ತಮ್ಮ ಇನ್ನೊಂದು. ಅದೇನೂ ಹೊಸದಲ್ಲ, ಮೂವತ್ತು ವರ್ಷದಿಂದ ಕೂಗಾಡಿಕೊಂಡೇ ಉಂಡವರು. ಆದರೆ ಈ ಸಲ ಕೂಗಾಟದಲ್ಲಿ ನಗು ಇರಲಿಲ್ಲ. ಗಡಿ, ಸುಂಕ, ಸುಳ್ಳು, ಯಾರು ದೇಶ ಹಾಳು ಮಾಡಿದರು, ಎಲ್ಲಾ ಬಂತು. ಕೊನೆಗೆ ಮೆರಿಲ್, "ಅಪ್ಪ ಇದ್ದಿದ್ದರೆ ನೀನು ಹಾಕಿದ ಮತಕ್ಕೆ ನಿನ್ನನ್ನ ಆಲೆಮನೆ ಮೆಟ್ಟಿಲು ಹತ್ತಿಸ್ತಿರಲಿಲ್ಲ" ಅಂದುಬಿಟ್ಟ. ರಾಯ್ಸ್ ಫೋರ್ಕ್ ಕೆಳಗಿಟ್ಟ, ಟೋಪಿ ತಗೊಂಡ, ಹೋದ. ಕುಂಬಳದ ಪೈ ಕೂಡ ಮುಟ್ಟಲಿಲ್ಲ. ಅವನು ನನ್ನ ಪೈ ಬಿಟ್ಟು ಎದ್ದದ್ದು ಅದೇ ಮೊದಲು.

ಆಲೆಮನೆ ಅಂದರೆ ಕಬ್ಬಿನದಲ್ಲ, ಮೇಪಲ್ ಮರದ ರಸ ಕಾಯಿಸಿ ಪಾಕ ತೆಗೆಯುವುದು. ಮಾವ ಸಾಯುವಾಗ ಭಾರಿ ಜಾಣತನ ಮಾಡಿದ್ದರು, ಅಥವಾ ಭಾರಿ ಪೆದ್ದುತನ: ಮರಗಳಿರುವ ಗುಡ್ಡ ದೊಡ್ಡವನಿಗೆ, ಆಲೆಮನೆ ಮತ್ತು ಕೊಪ್ಪರಿಗೆ ಚಿಕ್ಕವನಿಗೆ. ಒಬ್ಬನ ಹತ್ತಿರ ರಸ, ಇನ್ನೊಬ್ಬನ ಹತ್ತಿರ ಒಲೆ. ಆ ಮಾರ್ಚಿನಲ್ಲಿ ರಾತ್ರಿ ಹಿಮ, ಹಗಲು ಬಿಸಿಲು ಶುರುವಾಗಿತ್ತು. ಮರ ರಸ ಬಿಡುವುದು ಆಗಲೇ. ಮೆರಿಲ್ ಒಬ್ಬನೇ ಗುಡ್ಡ ಹತ್ತಿ ಮರಗಳಿಗೆ ತೂತು ಕೊರೆದು ಕೊಳವೆ ಜೋಡಿಸಿ ಬಂದಿದ್ದ. ರಾಯ್ಸ್ ಒಬ್ಬನೇ ಸೌದೆ ಸೀಳಿ ಒಟ್ಟಿದ್ದ. ಹಾಗಂತ ಒಬ್ಬರಿಗೊಬ್ಬರು ಹೇಳಿದರೆ ನಾಲಗೆ ಸವೆಯುತ್ತಿತ್ತು. ರಸ ಇಟ್ಟರೆ ನಿಲ್ಲುವ ಪದಾರ್ಥ ಅಲ್ಲ, ಹುಳಿ ಹಿಡಿಯುತ್ತೆ. ಒಂದು ವರ್ಷ ಒಲೆ ಹಚ್ಚದೆ ಬಿಟ್ಟರೆ ಈ ಇಬ್ಬರು ಹಟಮಾರಿಗಳು ಮುಂದೆಂದೂ ಹಚ್ಚುವುದಿಲ್ಲ ಅಂತ ನನಗೆ ಖಾತ್ರಿ ಇತ್ತು. ಆ ಮಂಗಳವಾರ ಬೆಳಿಗ್ಗೆ ಕೊಳವೆಗಳ ರಸ ಇಳಿಯುವ ತೊಟ್ಟಿ ತುಂಬುತ್ತಾ ಬಂದಿತ್ತು.

ಮಂಗಳವಾರ ನಮ್ಮ ಊರ ಸಭೆ. ವರ್ಷಕ್ಕೊಮ್ಮೆ, ಮಾರ್ಚಿನ ಮೊದಲ ಮಂಗಳವಾರ, ಇಡೀ ಊರು ಒಂದೇ ಸಭಾಂಗಣದಲ್ಲಿ ಕೂತು ರಸ್ತೆಗೆಷ್ಟು, ಶಾಲೆಗೆಷ್ಟು ಅಂತ ಕೈಯೆತ್ತಿ ತೀರ್ಮಾನ ಮಾಡುವುದು. ನಾನು ಊಟದ ಉಸ್ತುವಾರಿ. ಅಡುಗೆಮನೆ ಬಾಗಿಲಲ್ಲಿ ನಿಂತರೆ ಎಲ್ಲಾ ಕಾಣುತ್ತೆ, ಎಲ್ಲಾ ಕೇಳುತ್ತೆ.

ಸಭೆ ನಡೆಸುವವಳು ಕ್ಲಾಡೆಟ್ ತಿಬೋ. ನನ್ನ ಜೊತೆ ಒಂದನೇ ಕ್ಲಾಸಿನಿಂದ ಓದಿದವಳು, ಹಸು ಕಟ್ಟಿಕೊಂಡು ಬದುಕಿದವಳು. ಸಭೆಯಲ್ಲಿ ಯಾರೂ ಯಾರನ್ನೂ ನೇರ ಮಾತಾಡಿಸುವ ಹಾಗಿಲ್ಲ, ಏನಿದ್ದರೂ ಅಧ್ಯಕ್ಷರ ಮುಖ ನೋಡಿಯೇ ಹೇಳಬೇಕು. ಆ ನಿಯಮವನ್ನು ಅವಳು ಸ್ವಂತ ಮಗನಿಗೂ ಸಡಿಲ ಮಾಡಿದವಳಲ್ಲ. ವೇದಿಕೆ ಮೇಲೆ ನಿಂತರೆ ಮಗ "ಟ್ರೆಂಟ್ ತಿಬೋ ಅವರೇ" ಆಗಿಬಿಡುತ್ತಾನೆ. ಅವಳು ಯಾವ ಪಕ್ಷಕ್ಕೆ ಮತ ಹಾಕುತ್ತಾಳೆ ಅನ್ನುವುದು ಊರಲ್ಲಿ ಒಬ್ಬರಿಗೂ ಗೊತ್ತಿಲ್ಲ. ನನಗೂ ಗೊತ್ತಿಲ್ಲ, ಕೇಳಿ ಕೇಳಿ ಸೋತಿದ್ದೇನೆ. ನನ್ನ ಜೀವಮಾನದಲ್ಲಿ ಹೊಟ್ಟೆಕಿಚ್ಚಿಲ್ಲದೆ ಮೆಚ್ಚಿದ ಹೆಂಗಸು ಅವಳೊಬ್ಬಳೇ.

ಬೇರೆ ವರ್ಷಗಳಲ್ಲಿ ಹಿಮ ಗುಡಿಸುವ ಲಾರಿ ಒಂದರ ಮೇಲೇ ಮಧ್ಯಾಹ್ನದವರೆಗೆ ಜಗ್ಗಾಡುತ್ತಿದ್ದೆವು. ಈ ಸಲ ಯಾರೂ ಬಾಯಿ ಬಿಡಲಿಲ್ಲ. ಎಲ್ಲಿ ಮಾತಾಡಿದರೆ ಎಲ್ಲಿಗೆ ಹೋಗುತ್ತೋ ಅನ್ನುವ ಭಯ. ಅಣ್ಣನ ಪಕ್ಷದವರು ಕಿಟಕಿ ಕಡೆ, ತಮ್ಮನ ಪಕ್ಷದವರು ಸಭಾಂಗಣ ಬೆಚ್ಚಗಿಡುವ ಒಲೆ ಕಡೆ, ಯಾರೂ ಹೇಳದೆಯೇ ಹಾಗೆ ಕೂತಿದ್ದರು. ಲಾರಿ ಪಾಸಾಯಿತು, ಶಾಲೆ ಪಾಸಾಯಿತು, ಊಟಕ್ಕೆ ಮುಂಚೆಯೇ "ಇತರೆ ವಿಷಯ" ಬಂತು.

ಇತರೆ ವಿಷಯ ಅಂದರೆ ಮೆರಿಲ್. ಪ್ರತಿವರ್ಷ ಎದ್ದು ನಿಂತು ಅದೇ ಪ್ರಸ್ತಾಪ ಮಾಡುತ್ತಾನೆ: ನಮ್ಮ ವರ್ಮಾಂಟ್ ಹದಿನಾಲ್ಕು ವರ್ಷ ಸ್ವತಂತ್ರ ದೇಶವಾಗಿತ್ತು, ೧೭೯೧ರಲ್ಲಿ ಹೋಗಿ ಅಮೆರಿಕದ ಒಕ್ಕೂಟ ಸೇರಿತು, ಅದಕ್ಕೆ ಈ ಊರು ವಿಷಾದಿಸುತ್ತದೆ. ಪ್ರತಿವರ್ಷ ರಾಯ್ಸ್ ಅದನ್ನು ಅನುಮೋದಿಸುತ್ತಾನೆ, ಯಾಕೆಂದರೆ ಯಾರೂ ಅನುಮೋದಿಸದಿದ್ದರೆ ಚರ್ಚೆಯಿಲ್ಲ, ಚರ್ಚೆಯಿಲ್ಲದಿದ್ದರೆ ಅಣ್ಣನನ್ನು ಸೋಲಿಸುವ ಸುಖವಿಲ್ಲ. ಆಮೇಲೆ, ಒಕ್ಕೂಟಕ್ಕೆ ಸೇರದೆ ಇದ್ದಿದ್ದರೆ ಏನಾಗುತ್ತಿತ್ತು ಅಂತ ಇಬ್ಬರೂ ಕತೆ ಹೊಸೆಯುವುದು, ಊರು ಹೊಟ್ಟೆ ಹಿಡಿದು ನಗುವುದು, ಮತಕ್ಕೆ ಹಾಕಿದಾಗ ಕಿಟಕಿ ಕಡೆ ಮೆರಿಲ್ ಒಬ್ಬನೇ ನಿಲ್ಲುವುದು.

ಮೆರಿಲ್ ಎದ್ದ. ಪ್ರಸ್ತಾಪ ಓದಿದ ಹಾಗೆ ಹೇಳಿದ. ಕ್ಲಾಡೆಟ್, "ಪ್ರಸ್ತಾಪ ಬಂದಿದೆ. ಅನುಮೋದಿಸುವವರು ಇದ್ದಾರಾ?" ಅಂದಳು.

ಒಂದು ಕೈಯೂ ಏಳಲಿಲ್ಲ. ರಾಯ್ಸ್ ಒಲೆ ಪಕ್ಕ ಕೂತು ತನ್ನ ಬೂಟು ನೋಡುತ್ತಿದ್ದ. ನಾನೇ ಕೂಗಿಬಿಡೋಣ ಅನಿಸಿತು, ನಾಲಗೆ ಕಚ್ಚಿಕೊಂಡೆ. ಕ್ಲಾಡೆಟ್ ಯಾರ ಕಡೆಯೂ ನೋಡಲಿಲ್ಲ, ಅವಸರಪಡಿಸಲಿಲ್ಲ, ಹಾಲು ಉಕ್ಕುವುದನ್ನು ಕಾಯುವವಳ ಹಾಗೆ ಸುಮ್ಮನೆ ನಿಂತಳು.

"ಅನುಮೋದಿಸ್ತೀನಿ," ಅಂದ ರಾಯ್ಸ್, ಬೂಟಿನಿಂದ ಕಣ್ಣೆತ್ತದೆ. "ಸೋಲಿಸೋದಕ್ಕೆ."

ಅಲ್ಲಲ್ಲಿ ಒಂದಿಷ್ಟು ನಗು ಬಂತು. ಮೆರಿಲ್‌ಗೆ ಜೀವ ಬಂದ ಹಾಗಾಯಿತು. "ಅಧ್ಯಕ್ಷರೇ, ನಾವು ಸೇರದೆ ಇದ್ದಿದ್ದರೆ ನಮಗೆ ನಮ್ಮದೇ ನಾಣ್ಯ, ನಮ್ಮದೇ ನೌಕಾಪಡೆ. ಎರಡು ದೋಣಿ, ಒಂದು ರಿಪೇರಿಲಿ. ಪ್ಯಾರಿಸ್ಸಿಗೆ ನಮ್ಮ ರಾಯಭಾರಿ ಹೋಗಬೇಕು. ನಮ್ಮ ಮನೇಲಿ ಒಬ್ಬ ಇದಾನೆ, ಅಷ್ಟು ದೂರ ಕಳಿಸಿದ್ದರೆ ಊರಿಗೆ ನೆಮ್ಮದಿ ಇರ್ತಿತ್ತು."

"ಅಧ್ಯಕ್ಷರೇ," ಅಂದ ರಾಯ್ಸ್, "ಸೇರದೆ ಇದ್ದಿದ್ದರೆ ಪಕ್ಕದ ನ್ಯೂಯಾರ್ಕಿನವರು ನಮ್ಮ ಜಮೀನು ಯಾವತ್ತೋ ನುಂಗಿರೋರು. ಪ್ರಸ್ತಾಪ ಮಾಡಿದ ಮಹಾಶಯರು ಅವರ ಹೊಲದಲ್ಲಿ ಆಲೂಗಡ್ಡೆ ಕೀಳ್ತಾ ಇರೋರು. ಅದೂ ಸರಿಯಾಗಿ ಕೀಳಕ್ಕೆ ಬರಲ್ಲ."

ಸದ್ಯ, ಹಳೇ ದಾರಿಗೆ ಬಿದ್ದರು ಅಂದುಕೊಂಡೆ. ಅಷ್ಟರಲ್ಲಿ ಕ್ಲಾಡೆಟ್ ಮಗ ಟ್ರೆಂಟ್ ಕಿಟಕಿ ಕಡೆಯಿಂದ ಎದ್ದ. ಹೈನುಗಾರ, ಒಳ್ಳೇ ಹುಡುಗನೇ. ಆದರೆ ಮುಖ ಕೆಂಪಗಾಗಿತ್ತು.

"ನಂಗೆ ತಮಾಷೆ ಅನ್ನಿಸ್ತಿಲ್ಲ ಅಧ್ಯಕ್ಷರೇ. ಸೇರದೆ ಇದ್ದಿದ್ದರೆ ಇವತ್ತು ವಾಷಿಂಗ್ಟನ್ನಿಂದ ಬರೋ ಹುಚ್ಚು ಹುಕುಂಗಳು ನಮಗೆ ತಟ್ಟುತ್ತಲೇ ಇರಲಿಲ್ಲ. ಕೆನಡಾದವರು ನಮ್ಮ ನೆಂಟರು, ಅವರ ಮೇಲೆ ಸುಂಕವಂತೆ. ನನ್ನ ಕೊಟ್ಟಿಗೇಲಿ ಹಾಲು ಕರೆಯೋ ಮೆಕ್ಸಿಕೋದವನು ಹೊರಗೆ ಬರಕ್ಕೆ ಹೆದರ್ತಾನೆ. ನಾನು ಇದನ್ನ ನಿಜವಾಗಿ ಬೆಂಬಲಿಸ್ತೀನಿ."

ಒಲೆ ಕಡೆಯಿಂದ ಯಾರೋ ಎದ್ದು, ನಲವತ್ತು ವರ್ಷದಲ್ಲಿ ನಮ್ಮಂಥ ಊರನ್ನ ಕಣ್ಣೆತ್ತಿ ನೋಡಿದ ವಾಷಿಂಗ್ಟನ್ನಿನ ಮೊದಲ ಮನುಷ್ಯನನ್ನೇ ಬಯ್ತೀರಲ್ಲ, ಕಾರ್ಖಾನೆ ಮುಚ್ಚಿದಾಗ ನಿಮ್ಮವರು ಎಲ್ಲಿದ್ದರು ಅಂದರು. ಕಿಟಕಿಯವರು ಅಲ್ಲಿಂದಲೇ ಉತ್ತರ ಕೊಟ್ಟರು. ಒಲೆಯವರು ಎದ್ದು ನಿಂತರು. ಆಳುವ ಪಕ್ಷ ಬದಲಾದ ಹಾಗೆ ಒಕ್ಕೂಟವನ್ನು ಬಯ್ಯುವವರೂ ಬದಲಾಗುತ್ತಾರೆ, ನಾನು ಎರಡೂ ಸೀಸನ್ ನೋಡಿದ್ದೇನೆ. ಆದರೆ ಇಷ್ಟು ಕಹಿ ನೋಡಿರಲಿಲ್ಲ.

ಕ್ಲಾಡೆಟ್ ಸುತ್ತಿಗೆ ಕುಟ್ಟಲಿಲ್ಲ. ದನಿಯನ್ನೂ ಏರಿಸಲಿಲ್ಲ. "ನನ್ನ ಕಡೆ ತಿರುಗಿ," ಅಂದಳು. "ಬಯ್ಯೋದಿದ್ದರೆ ನನ್ನನ್ನ ನೋಡ್ಕೊಂಡು ಬಯ್ಯಿರಿ. ಒಬ್ಬೊಬ್ಬರಾಗಿ." ಅವಳ ಮುಖ ನೋಡಿಕೊಂಡು ಬಯ್ಯುವುದು ಹೇಳಿದಷ್ಟು ಸುಲಭ ಅಲ್ಲ. ಒಬ್ಬೊಬ್ಬರಾಗಿ ಕೂತರು.

ಆಗ ರಾಯ್ಸ್ ಎದ್ದ. "ಅಧ್ಯಕ್ಷರೇ, ಪ್ರಸ್ತಾಪ ಮಾಡಿದವರಿಗೆ ಒಂದು ಪ್ರಶ್ನೆ. 'ಇದ್ದಿದ್ದರೆ' ಅನ್ನೋದರಲ್ಲಿ ಅವರು ಗಟ್ಟಿಗರು. ಸತ್ತವರು ಇದ್ದಿದ್ದರೆ ಯಾರಿಗೆ ಮತ ಹಾಕ್ತಿದ್ದರು, ಯಾರನ್ನ ಮೆಟ್ಟಿಲು ಹತ್ತಿಸ್ತಿರಲಿಲ್ಲ, ಅದೂ ಗೊತ್ತು ಅವರಿಗೆ. ಹೆಂಗೆ ಗೊತ್ತಾಯ್ತು ಅಂತ ಕೇಳಿ."

ಥ್ಯಾಂಕ್ಸ್‌ಗಿವಿಂಗ್ ಊಟದ ಜಗಳ ಸಭೆಗೇ ಬಂತು ಅಂದುಕೊಂಡೆ.

"ಪ್ರಶ್ನೆ ಪ್ರಸ್ತಾಪಕ್ಕೆ ಸಂಬಂಧಪಟ್ಟಿದೆಯಾ?" ಅಂದಳು ಕ್ಲಾಡೆಟ್.

"ನಂಗೆ ಸಂಬಂಧಪಟ್ಟಿದೆ."

ಅವಳು ಸ್ವಲ್ಪ ಯೋಚಿಸಿದಳು. "ಪ್ರಸ್ತಾಪ ಇರೋದೇ ಆಗದೆ ಹೋದದ್ದರ ಮೇಲೆ. ಪ್ರಶ್ನೆಗೆ ಅವಕಾಶ ಇದೆ. ಉತ್ತರ ಕೊಡೋದು ಬಿಡೋದು ಮೆರಿಲ್ ಸ್ಟ್ಯಾನರ್ಡ್ ಅವರಿಗೆ ಬಿಟ್ಟದ್ದು."

ಮೆರಿಲ್ ಎದ್ದ. ಬಾಯಿ ತೆರೆದ. ಮುಚ್ಚಿದ. ಕೂತ. ಮೂವತ್ತೊಂಬತ್ತು ವರ್ಷದ ಸಂಸಾರದಲ್ಲಿ ಅವನ ಬಾಯಿ ಕಟ್ಟಿದ್ದನ್ನು ನಾನು ನೋಡಿದ್ದು ಕಮ್ಮಿ.

"ಮತಕ್ಕೆ ಹಾಕಿ," ಅಂದ ಟ್ರೆಂಟ್. "ಎದ್ದು ನಿಂತು ಎಣಿಸೋಣ. ಯಾರು ಎಲ್ಲಿದ್ದಾರೆ ಅಂತ ಗೊತ್ತಾಗಲಿ." ಹೌದು ಹೌದು ಅಂತ ಎರಡೂ ಕಡೆಯಿಂದ ದನಿ ಬಂತು.

ಮೆರಿಲ್‌ಗೆ ಆಗ ಗಾಬರಿ ಆಯಿತು. "ಅಧ್ಯಕ್ಷರೇ, ನಾನು ಪ್ರಸ್ತಾಪ ವಾಪಸ್ ತಗೋತೀನಿ. ಇದು ನನ್ನದು, ತಮಾಷೆಗೆ ಮಾಡಿದ್ದು."

ಕ್ಲಾಡೆಟ್ ಒಂದು ಕಣ್ಣು ಮಿಟುಕಿಸಿದ್ದರೆ ಸಾಕಿತ್ತು, ಊಟದ ಹೊತ್ತಾಯಿತು ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ನಾನು ಸೌಟು ಎತ್ತಿ ಸನ್ನೆ ಬೇರೆ ಮಾಡಿದೆ. ಅವಳು ನೋಡಿಯೂ ನೋಡದವಳಂತೆ, "ಸಭೆಯ ಮುಂದೆ ಬಂದ ಮೇಲೆ ಅದು ನಿಮ್ಮದಲ್ಲ, ಸಭೆಯದ್ದು. ಸಭೆಯನ್ನೇ ಕೇಳೋಣ. ವಾಪಸ್ ಕೊಡಬಹುದು ಅನ್ನುವವರು ಕೈಯೆತ್ತಿ" ಅಂದಳು. ನಾಲ್ಕಾರು ಕೈ ಎದ್ದವು. "ಕೊಡಬಾರದು ಅನ್ನುವವರು?" ಕಾಡು ಎದ್ದ ಹಾಗೆ ಎದ್ದವು. ಆ ಗಳಿಗೆಯಲ್ಲಿ ಅವಳನ್ನು ಬಯ್ದುಕೊಂಡೆ, ಸುಳ್ಳು ಯಾಕೆ ಹೇಳಲಿ.

"ಪರವಾಗಿ ಇರುವವರು ಕಿಟಕಿ ಕಡೆ, ವಿರೋಧ ಇರುವವರು ಒಲೆ ಕಡೆ. ಎಣಿಕೆ ಮುಗಿಯುವ ತನಕ ಯಾರೂ ಮಾತಾಡುವ ಹಾಗಿಲ್ಲ."

ಕುರ್ಚಿಗಳು ಕಿರುಗುಟ್ಟಿದವು. ಬೇರೆ ವರ್ಷ ಮೆರಿಲ್ ಒಬ್ಬನೇ ನಿಲ್ಲುತ್ತಿದ್ದ ಜಾಗದಲ್ಲಿ ಅರ್ಧ ಊರು ಬಂದು ನಿಂತಿತು. ಅವರ ಮುಖ ಮೆರಿಲ್ ಕಡೆಗಿರಲಿಲ್ಲ, ಎದುರುಗಡೆಯವರ ಕಡೆಗಿತ್ತು. ಪಕ್ಕದ ಮನೆಯವರು, ಒಬ್ಬರ ಹೆಣ ಒಬ್ಬರು ಹೊತ್ತವರು, ಹೀಗೆ ನೋಡುತ್ತಾರಾ ಅಂದುಕೊಂಡೆ. ನಾನು ಮಾತ್ರ ಅಡುಗೆಮನೆ ಬಾಗಿಲು ಬಿಟ್ಟು ಕದಲಲಿಲ್ಲ.

ಮೆರಿಲ್ ತನ್ನ ಸುತ್ತ ನೆರೆದವರನ್ನು ಒಮ್ಮೆ ನೋಡಿದ. ಆಮೇಲೆ ಅವರನ್ನು ಸರಿಸಿಕೊಂಡು ನಡುವಿನ ಖಾಲಿ ಜಾಗಕ್ಕೆ ಬಂದ, ಅದನ್ನೂ ದಾಟಿದ, ಒಲೆ ಹತ್ತಿರ ತಮ್ಮನ ಮುಂದೆ ಹೋಗಿ ನಿಂತ. ತನ್ನ ಪ್ರಸ್ತಾಪಕ್ಕೆ ತಾನೇ ವಿರುದ್ಧ.

"ನಂಗೆ ಗೊತ್ತಿಲ್ಲ ಕಣೋ," ಅಂದ. ಅಧ್ಯಕ್ಷರ ಕಡೆ ತಿರುಗಲಿಲ್ಲ, ದನಿ ತಗ್ಗಿಸಲೂ ಇಲ್ಲ. "ಅಪ್ಪ ಇದ್ದಿದ್ದರೆ ಏನ್ಮಾಡ್ತಿದ್ದರು ಅಂತ ನಂಗೆ ಗೊತ್ತಿಲ್ಲ. ಅವರು ಯಾರಿಗೆ ಮತ ಹಾಕ್ತಾರೆ ಅಂತ ಒಂದು ದಿನಾನೂ ಹೇಳಿದವರಲ್ಲ. ನಿನಗೆ ನೋವಾಗಲಿ ಅಂತ ಅವರ ಹೆಸರು ತಂದೆ. ತರಬಾರದಿತ್ತು."

ಒಂದೇ ಏಟಿಗೆ ಎರಡು ನಿಯಮ ಮುರಿದಿದ್ದ. ಎಣಿಸುತ್ತಿದ್ದವರು ಎಣಿಕೆ ನಿಲ್ಲಿಸಿ ವೇದಿಕೆ ಕಡೆ ನೋಡಿದರು. ಎಲ್ಲರೂ ನೋಡಿದರು. ಕ್ಲಾಡೆಟ್ ಸಭೆಗೆ ಬೆನ್ನು ಹಾಕಿ ಹೂಜಿಯಿಂದ ಲೋಟಕ್ಕೆ ನೀರು ಬಗ್ಗಿಸುತ್ತಿದ್ದಳು. ನಿಧಾನವಾಗಿ ಬಗ್ಗಿಸಿದಳು, ನಿಧಾನವಾಗಿ ಕುಡಿದಳು, ಇನ್ನೊಂದು ಲೋಟ ಬಗ್ಗಿಸಿಕೊಂಡಳು. ಅಷ್ಟು ಬಾಯಾರಿಕೆ ಆದದ್ದನ್ನು ನಾನು ಹುಲ್ಲು ಕೊಯ್ಲಿನಲ್ಲೂ ಕಂಡಿಲ್ಲ. ಆಮೇಲೆ ತಿರುಗಿ, "ಎಣಿಕೆ ತಪ್ಪಿದ ಹಾಗಿದೆ. ಮೊದಲಿಂದ ಎಣಿಸಿ, ಅವಸರ ಬೇಡ" ಅಂದಳು. ಅಯ್ಯೋ ನನ್ನ ತಾಯಿ, ಅವಳ ಕಾಲಿಗೆ ಬೀಳೋಣ ಅನಿಸಿತು.

ಕಿಟಕಿ ಕಡೆಯಿಂದ ಒಂದಿಬ್ಬರು ಸುಮ್ಮನೆ ತಮ್ಮ ಕುರ್ಚಿಗೆ ವಾಪಸ್ಸಾಗಿ ಕೂತರು. ಟ್ರೆಂಟ್ ಅಲ್ಲೇ ನಿಂತಿದ್ದ, ನೆಲ ನೋಡುತ್ತಾ. ಅವನ ಅಭಿಪ್ರಾಯ ಅವನಿಗಿತ್ತು, ಇರಲಿ. ಪ್ರಸ್ತಾಪ ಬಿತ್ತು. ಎಷ್ಟು ಮತದಿಂದ ಅಂತ ಕೇಳಬೇಡಿ, ನನ್ನ ಕಣ್ಣು ಒಲೆ ಹತ್ತಿರವೇ ಇತ್ತು.

ರಾಯ್ಸ್ ಗಲ್ಲ ಉಜ್ಜಿಕೊಂಡ. ಕೋಟಿನ ಗುಂಡಿ ಹಾಕಿಕೊಂಡ. ಹೊರಟೇ ಹೋದ, ಮುಗಿಯಿತು ಅಂದುಕೊಂಡೆ.

"ತೊಟ್ಟಿ ತುಂಬ್ತಾ?" ಅಂದ.

"ಇಷ್ಟೊತ್ತಿಗೆ ತುಂಬಿ ಹೊರಗೆ ಚೆಲ್ತಾ ಇರಬೇಕು," ಅಂದ ಮೆರಿಲ್.

"ರಸ ನೆಲಕ್ಕೆ ಹೋಗ್ತಾ ಇದೆ, ನೀನಿಲ್ಲಿ ನಿಂತ್ಕೊಂಡು ದೇಶ ಬಿಡಿಸ್ತಾ ಇದೀಯ," ಅಂದ ರಾಯ್ಸ್. "ನಡಿ, ದಡ್ಡ. ಒಲೆ ಹಚ್ಚಬೇಕು."

ಊಟಕ್ಕೂ ನಿಲ್ಲಲಿಲ್ಲ ಇಬ್ಬರೂ. ಬಾಗಿಲಲ್ಲಿ ಯಾರು ಮೊದಲು ದಾಟಬೇಕು ಅಂತ ಒಬ್ಬರ ಭುಜಕ್ಕೆ ಒಬ್ಬರು ತಾಗಿ, ತಾನು ತಾನು ಅಂತ ಗೊಣಗುತ್ತಾ ಒಟ್ಟಿಗೇ ಹೊರಗೆ ಬಿದ್ದರು. ನಾನು ಸೌಟು ಕೆಳಗಿಟ್ಟು ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು ಊರೆಲ್ಲ ಕೇಳುವ ಹಾಗೆ ಅತ್ತೆ.