ಬಿಸಿ ಬ್ರೆಡ್ಡಿನ ಕೂಗು

ಫಿಡೆನ್ಸಿಯೊ ಅದೇ ಬೀದಿಗೆ ಎರಡನೇ ಸಲ ಸೈಕಲ್ ಗಾಡಿ ತಿರುಗಿಸಿದರೂ ಒಂದು ಬಾಗಿಲೂ ತೆರೆಯಲಿಲ್ಲ. ಗಾಡಿಗೆ ಕಟ್ಟಿದ ಸ್ಪೀಕರಿನಲ್ಲಿ ಒಂಬತ್ತು ವರ್ಷದ ಹುಡುಗಿ ಕೂಗುತ್ತಲೇ ಇದ್ದಳು. "ಬಿಸಿ ಬ್ರೆಡ್ ಬಂತು, ಬೇಗ ಬನ್ನಿ, ನಮ್ಮಪ್ಪ ಈಗ್ತಾನೇ ಒಲೆಯಿಂದ ತೆಗ್ದಿದ್ದು." ಕೊನೆಯಲ್ಲಿ ತಡೆಯಲಾರದೆ ಕಿಸಕ್ಕನೆ ನಗುತ್ತಿದ್ದಳು.

ಅವನ ಗಂಟಲಿನ ಆಪರೇಷನ್ ಆದ ವರ್ಷ ಮಗಳು ಇತ್ಸೆಲ್ ಆ ಕೂಗನ್ನು ರೆಕಾರ್ಡ್ ಮಾಡಿಕೊಟ್ಟಿದ್ದಳು. ಅವನಿಗೆ ಉಳಿದದ್ದು ಬರೀ ಪಿಸುದನಿ. ಹನ್ನೊಂದು ವರ್ಷ, ಸಂಜೆ ಐದರ ಆ ಕೂಗು ಕೇಳಿಯೇ ನದಿ ದಂಡೆಯ ಊರು ಕಾಫಿಗೆ ನೀರಿಡುತ್ತಿತ್ತು. ಅವಳು ಹಾಡಲೆಂದು ರಾಜಧಾನಿಗೆ ಹೋದ ಮೇಲೂ ಸಂಜೆಯ ಮಟ್ಟಿಗೆ ಅವನ ಜೊತೆಯಲ್ಲೇ ಇರುತ್ತಿದ್ದಳು.

ಕಳೆದ ಕ್ರಿಸ್‌ಮಸ್ಸಿಗೆ ಬಂದವಳು ಆ ಕೂಗನ್ನು ಫೋನಿನಲ್ಲಿ ಹಿಡಿದುಕೊಂಡು ಹೋದಳು. ಅವಳ ಮೊದಲ ಆಲ್ಬಮ್ ಶುರುವಾಗುವುದೇ ಅದರಿಂದ. ನಗು ಮುಗಿಯುವಷ್ಟರಲ್ಲಿ ಡ್ರಮ್ಮು ಬೀಳುತ್ತದೆ. ಈಗ ಮೆಕ್ಸಿಕೊ ದೇಶವಿಡೀ ಅದೇ. ಊರಿನಲ್ಲಂತೂ ಬಸ್ಸು, ಕ್ಷೌರದಂಗಡಿ, ಮನೆಮನೆಯ ಕಿಟಕಿ, ಎಲ್ಲೆಲ್ಲೂ ಅವಳೇ. ಮೊದಲ ವಾರ ಜನ ಗಾಡಿಯ ಸುತ್ತ ನಿಂತು ಚಪ್ಪಾಳೆ ತಟ್ಟಿದರು. ಆಮೇಲೆ ಕೂಗು ಕೇಳಿ ಎದ್ದು ಬರುವುದನ್ನೇ ಬಿಟ್ಟರು.

ಬಕೆಟ್ಟಿನ ನೀರು ಚೆಲ್ಲಲು ಹೊರಬಂದ ಆ ಬೀದಿಯ ರೆಮೆದಿಯೋಸ್ ಬೆಚ್ಚಿ ನಿಂತಳು.

"ಅಯ್ಯೋ, ನೀವಾ ದೋನ್ ಫಿಡೆನ್ಸಿಯೊ? ಎದುರು ಮನೆಯವ್ರ ಹಾಡು ಅಂದ್ಕೊಂಡು ಸುಮ್ನೆ ಕೂತಿದ್ದೆ."

"ಎರಡು ಸುತ್ತು ಬಂದೆ."

"ಏನ್ಮಾಡೋದು ಹೇಳಿ, ನಿಮ್ ಮಗಳು ನಾವು ಹಲ್ಲುಜ್ಜೋ ಹೊತ್ತಿಗೇ ಬ್ರೆಡ್ ಬಂತು ಅಂತಾಳೆ. ಮೊನ್ನೆ ಮೂರು ಸಲ ಓಡಿ ಬಂದೆ. ಬೀದೀಲಿ ನಾಯಿ ಬಿಟ್ರೆ ಯಾರೂ ಇಲ್ಲ." ಏಪ್ರನ್ನಿಗೆ ಕೈ ಒರೆಸಿಕೊಂಡು ತಗ್ಗಿದ ದನಿಯಲ್ಲಿ ಹೇಳಿದಳು: "ಇವತ್ತು ಅಂಗಡಿ ಪ್ಯಾಕೆಟ್ಟು ತಂದ್ಬಿಟ್ಟಿದೀನಿ. ಇರ್ಲಿ, ಎರಡು ಕೊಡಿ. ಬೇರೆ ಯಾರ ಹತ್ರನಾದ್ರೂ ಕೂಗಿಸ್ಕೊಳಿ. ನಮ್ಮ ಸೊಸೆ ಇದಾಳೆ, ಆ ಬಾಯಿಗೆ ಸ್ಪೀಕರ್ರೂ ಬೇಡ."

ಅವನು ಕೇಳಿಸಲಿಲ್ಲವೆನ್ನುವಂತೆ ಬುಟ್ಟಿಯ ಬಟ್ಟೆ ಸರಿಸಿ ಎರಡು ಸಿಹಿ ಬ್ರೆಡ್ ತೆಗೆದುಕೊಟ್ಟ.

ಬೀದಿಯ ತಿರುವಿನಲ್ಲಿ ಫೋನು ಬಂತು.

"ಅಪ್ಪಾ, ನನ್ನ ಕೂಗು ಇನ್ನೂ ಹಾಕ್ತೀಯಾ?"

"ಹೂಂ ಮತ್ತೆ."

"ನಿನ್ನೆ ಸ್ಟೇಡಿಯಂ ತುಂಬ ಜನ ನನ್ ಜೊತೆ ಕೂಗಿದ್ರಪ್ಪಾ, ನಮ್ಮಪ್ಪ ಈಗ್ತಾನೇ ತೆಗ್ದಿದ್ದು ಅಂತ. ನಾನು ಹಾಡೋಕಾಗ್ದೆ ಅತ್ಬಿಟ್ಟೆ. ವ್ಯಾಪಾರ ಹೆಂಗಿದೆ?"

ಅವನು ತುಂಬಿದ ಬುಟ್ಟಿಯನ್ನು ನೋಡಿದ.

"ಎಲ್ಲಾ ಖಾಲಿ ಮಗಳೇ."

"ನಂಗೊತ್ತಿತ್ತು," ಎಂದು ಅವಳು ನಕ್ಕಳು. ಅದೇ ನಗು.

ಕೊನೆಯ ಮನೆಯ ಮುಂದೆ ಗಾಡಿ ನಿಲ್ಲಿಸಿ ಸ್ಪೀಕರ್ ಆರಿಸಿದ. ತಾನೇ ಕೂಗಿ ನೋಡೋಣವೆಂದು ಬಾಯಿ ತೆರೆದ. ಗಾಳಿ ಬಂತು, ದನಿ ಬರಲಿಲ್ಲ. ಮನೆಯೊಳಗೆ ಆಲ್ಬಮ್ ಮತ್ತೆ ಮೊದಲಿಂದ ಶುರುವಾಯಿತು. ಬಿಸಿ ಬ್ರೆಡ್ ಬಂತು. ಆಮೇಲೆ ಡ್ರಮ್ಮು.

"ಆರಿಸೇ ಅದನ್ನ," ಒಳಗಿನಿಂದ ಮುದುಕಿ ಚೆಂಚಾ ಮೊಮ್ಮಗಳನ್ನು ಗದರಿದಳು. "ಬ್ರೆಡ್ಡಿನವರು ಬಂದ್ರೂ ಗೊತ್ತಾಗಲ್ಲ."

ಹಾಡು ನಿಂತಿತು. ಫಿಡೆನ್ಸಿಯೊ ಅವಸರದಿಂದ ಸ್ವಿಚ್ಚು ಒತ್ತಿದ. "ಬಿಸಿ ಬ್ರೆಡ್ ಬಂತು, ಬೇಗ ಬನ್ನಿ..."

"ಆರಿಸು ಅಂದ್ರೆ ಮತ್ತೆ ಹಾಕ್ತೀಯಲ್ಲೇ," ಎಂದಳು ಚೆಂಚಾ. ಕಿಟಕಿ ದಡಾರನೆ ಮುಚ್ಚಿಕೊಂಡಿತು.

"...ನಮ್ಮಪ್ಪ ಈಗ್ತಾನೇ ಒಲೆಯಿಂದ ತೆಗ್ದಿದ್ದು."

ನಗು ಬರುವ ಮುಂಚೆಯೇ ಅವನು ಸ್ಪೀಕರ್ ಆರಿಸಿದ.