ಆರನೆಯ ಸುತ್ತು, ಎಂಟನೆಯ ಸುತ್ತು

ಬಾಕ್ಸಿಂಗ್ ಪಂದ್ಯದಲ್ಲಿ ತಮ್ಮೂರಿನ ಹುಡುಗಿ ಯಾನಿಸೆಲ್ ಲೋ ಗೆದ್ದಳೆಂದು ಘೋಷಿಸಿದಾಗ ಕೊಲೋನ್ ಊರಿನ ಜನ ಬೆಂಚು ಹತ್ತಿ ಕುಣಿದರು. ಮೂವರು ತೀರ್ಪುಗಾರರಲ್ಲಿ ಒಬ್ಬರು ಅವಳ ವಿರುದ್ಧ ಬರೆದಿದ್ದಾರೆ, ಅದೂ ಎನೈದಾ ಆರ್ಚಿಬೋಲ್ಡ್ ಎಂದು ತಿಳಿದಾಗ ಅದೇ ಜನ ಎನೈದಾಳ ಮೇಲೆ ತಿರುಗಿಬಿದ್ದರು. ಎನೈದಾ ಅದೇ ಊರಿನವಳು, ಅದೇ ರಿಂಗಿನಲ್ಲಿ ಕಾದಾಡಿ ನಿವೃತ್ತಳಾದವಳು. ರಾಜಧಾನಿಯಿಂದ ಬಂದ ಎದುರಾಳಿ ದಾಲಿಸ್ ರೆಂತೆರೀಯಾಳನ್ನು ಅವಳು ತನ್ನ ಅಂಕಪಟ್ಟಿಯಲ್ಲಿ ಗೆಲ್ಲಿಸಿದ್ದಳು. ಆರನೆಯ ಸುತ್ತಿನಲ್ಲಂತೂ, ಯಾನಿಸೆಲ್ ನೆಲಕ್ಕೆ ಬೀಳದಿದ್ದರೂ, ಬಿದ್ದವಳಿಗೆ ಕಳೆಯುವಷ್ಟು ಅಂಕವನ್ನು ಎನೈದಾ ಕಳೆದಿದ್ದಳು.

ಮರುದಿನದಿಂದ ಎನೈದಾಳ ಅಂಗಡಿಯಲ್ಲಿ ಮಾತು ಕಡಿಮೆಯಾಯಿತು. ಮಾರುಕಟ್ಟೆಯ ಹಿಂದೆ ಹೆಂಗಸರಿಗೆ ಜಡೆ ಹೆಣೆಯುವುದು ಅವಳ ಕೆಲಸ. ಅರ್ಧ ಹೆಣೆದ ತಲೆಯಲ್ಲೇ ಕೂತು ಕಾಂದಿದಾ ಎಂಬ ಹಳೆಯ ಗಿರಾಕಿ ಕೇಳಿದಳು:

“ರಾಜಧಾನಿಯೋರು ಏನು ತಿನ್ನಿಸಿದ್ರೇ ನಿಂಗೆ?”

ಎನೈದಾ ಎಳೆಯನ್ನು ಇನ್ನಷ್ಟು ಬಿಗಿದಳು. ಕಾಂದಿದಾ ಅಯ್ಯಯ್ಯೋ ಎಂದು ತಲೆ ಹಿಡಿದುಕೊಂಡಳು.

ಲಂಚದ ಮಾತು ಅವಳಿಗೆ ನಾಟಲಿಲ್ಲ. ನಾಟಿದ್ದು ರೇಡಿಯೊದಲ್ಲಿ ಪಂದ್ಯದ ವಿವರಣೆ ಕೊಡುವವನ ಮಾತು. ಹಳೆಯ ಬಾಕ್ಸರುಗಳನ್ನು ತೀರ್ಪಿಗೆ ಕೂರಿಸಬಾರದು, ಅವರು ಕಣ್ಣಿನಿಂದ ನೋಡುವುದಿಲ್ಲ, ಹಳೆಯ ಗಾಯದಿಂದ ನೋಡುತ್ತಾರೆ ಎಂದಿದ್ದ. ಅದನ್ನು ಕೇಳಿದಾಗಿನಿಂದ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಆರನೆಯ ಸುತ್ತಿನಲ್ಲಿ ದಾಲಿಸಳ ಎಡಗೈ ಯಾನಿಸೆಲಳ ಬಲಪಕ್ಕೆಯ ಕೆಳಗೆ ಹೊಕ್ಕಾಗ, ತೀರ್ಪುಗಾರರ ಸ್ಟೂಲಿನ ಮೇಲೆ ಕೂತಿದ್ದ ಎನೈದಾಳಿಗೇ ಉಸಿರು ನಿಂತಿತ್ತು. ಅಂಥದ್ದೇ ಒಂದು ಏಟು ಅವಳನ್ನು ರಿಂಗಿನಿಂದ ಶಾಶ್ವತವಾಗಿ ಹೊರಗೆ ಹಾಕಿತ್ತು.

ವಾರ ಕಳೆದ ಮೇಲೆ ಅಬೆಲಾರ್ದೊ ಕಿರೋಸರ ಮನೆಗೆ ಹೋದಳು. ಅವರು ಗಣಿತದ ಮೇಷ್ಟ್ರು, ಮೂವರಲ್ಲಿ ಇನ್ನೊಬ್ಬ ತೀರ್ಪುಗಾರರು. ಜನ್ಮದಲ್ಲಿ ಕೈಗವಸು ತೊಟ್ಟವರಲ್ಲ. ಅವರ ಹೆಂಡತಿ ಮೆಕ್ಕೆಜೋಳದ ತಣ್ಣನೆಯ ಪಾನೀಯ ಚಿಚೆಮೆ ತಂದಿಟ್ಟಳು. ಇಬ್ಬರೂ ಪಂದ್ಯದ ವಿಡಿಯೊ ಹಾಕಿಕೊಂಡು ಕೂತರು. ಆರನೆಯ ಸುತ್ತು ಬಂತು. ಏಟು ಬಿದ್ದ ಕೂಡಲೇ ಯಾನಿಸೆಲ್ ತಡವರಿಸಿದಳು.

“ನಿಲ್ಸಿ ಮೇಷ್ಟ್ರೇ. ಇಲ್ಲೇನಾಯ್ತು?”

“ಕಾಲು ಜಾರ್ತು.”

“ಜಾರ್ಲಿಲ್ಲ. ಕಾಲಲ್ಲಿ ಜೀವಾನೇ ಹೋಯ್ತು.”

“ನಗ್ತಾ ಇದಾಳಲ್ಲಮ್ಮ ಅವಳು.”

“ಅದಕ್ಕೇ ಹೇಳ್ತಿರೋದು. ನೋವು ಮುಚ್ಚೋಕೇ ನಗೋದು.”

ಮೇಷ್ಟ್ರು ಅದನ್ನು ಹಿಂದೆ ಮುಂದೆ ಮಾಡಿ ನೋಡಿದರು. ತಮಗಿದು ಕಂಡಿರಲಿಲ್ಲ ಎಂದು ಒಪ್ಪಿಕೊಂಡರು. ಆಮೇಲೆ ಎಂಟನೆಯ ಸುತ್ತು ಹಾಕಿದರು. ಯಾನಿಸೆಲ್ ಒಂದರ ಹಿಂದೊಂದು ಮೂರು ನೇರ ಏಟು ಕೊಟ್ಟಳು. ಪ್ರತಿ ಸಲವೂ ದಾಲಿಸಳ ತಲೆ ಹಿಂದಕ್ಕೆ ವಾಲಿತು. ಎನೈದಾ ಅವನ್ನು ಆಗಷ್ಟೇ ಮೊದಲ ಸಲ ನೋಡುತ್ತಿದ್ದಳು. ಪರದೆಯ ಅಂಚಿನಲ್ಲಿ ಅವಳೂ ಇದ್ದಳು: ಕತ್ತು ಬಗ್ಗಿಸಿ, ಯಾನಿಸೆಲಳ ಬಲಪಕ್ಕೆಯ ಮೇಲೇ ಕಣ್ಣು ನೆಟ್ಟು.

“ಆಗ ನೀವು ನೋಡ್ತಾ ಇರ್ಲಿಲ್ಲ, ಎನೈದಾ. ಕಾದಾಡ್ತಾ ಇದ್ರಿ.”

ಮೇಷ್ಟ್ರ ದನಿಯಲ್ಲಿ ಕುಹಕವಿರಲಿಲ್ಲ. ಅದೇ ಅವಳಿಗೆ ಹೆಚ್ಚು ಉರಿಯಿತು. ಚಿಚೆಮೆ ಅರ್ಧಕ್ಕೇ ಬಿಟ್ಟು ಎದ್ದಳು. ತನ್ನ ಮನೆ ದಾಟಿ, ಕಾಲುವೆ ದಾಟಲು ಸರದಿ ಕಾಯುತ್ತ ನಿಂತ ಹಡಗುಗಳು ಕಾಣುವವರೆಗೂ ನಡೆದು ಹಿಂದಿರುಗಿದಳು.

ಬೆಳಗಾದ ಮೇಲೆ ಯಾನಿಸೆಲಳ ಮನೆಗೇ ಹೋದಳು. ಹುಡುಗಿ ಮಹಡಿಯ ಮರದ ಮೊಗಸಾಲೆಯಲ್ಲಿ ಬಟ್ಟೆ ಒಣಗಹಾಕುತ್ತಿದ್ದಳು. ಬಲಗೈ ಎತ್ತದೆ, ಎಡಗೈ ಒಂದರಿಂದಲೇ.

“ಬಂದ್ರಾ ಎನೈದಕ್ಕ. ಬೈಯೋಕೆ ನಾನೇ ಬರೋಳಿದ್ದೆ.”

“ಬೈಯುವಂತೆ. ಮೊದ್ಲು ಹೇಳು, ಆರನೇದು ನೋವಾಯ್ತಾ?”

ಯಾನಿಸೆಲ್ ಒದ್ದೆ ಅಂಗಿಯೊಂದನ್ನು ಹಿಂಡುತ್ತ ನಿಂತಳು.

“ಉಸಿರೇ ಬರ್ಲಿಲ್ಲ. ಮೇಷ್ಟ್ರ ಕಡೆ ಮುಖ ಮಾಡಿ ನಕ್ಬಿಟ್ಟೆ. ನಿಮ್ಮ ಕಡೆ ತಿರುಗೋಕೆ ಧೈರ್ಯ ಬರ್ಲಿಲ್ಲ.” ಆಮೇಲೆ ಅವಳ ದನಿ ಏರಿತು. “ಎಂಟನೇದು ಏನಾಯ್ತು? ಮೂರು ಬಿಟ್ಟೆ ಅವಳ ಮುಖಕ್ಕೆ. ಅದನ್ನೂ ಅವಳಿಗೇ ಕೊಟ್ರಲ್ಲ.”

“ನಾನು ನೋಡ್ಲಿಲ್ಲ ಕಣೇ. ನಿನ್ನ ಪಕ್ಕೆಗೆ ಇನ್ನೊಂದು ಬೀಳತ್ತೆ ಅಂತ ಅಲ್ಲೇ ನೋಡ್ತಾ ಇದ್ದೆ.”

“ಅಂದ್ರೆ ನಿಮ್ಮ ಭಯಕ್ಕೆ ನನ್ನ ಅಂಕ ಹೋಯ್ತು.”

ಎನೈದಾ ಹೊರಡಲು ತಿರುಗಿದಳು. ಯಾನಿಸೆಲ್ ಹಿಂದಿನಿಂದ, ಇನ್ನೂ ಸಿಟ್ಟಿನಲ್ಲೇ, ಮತ್ತೊಂದು ಬೀಳುತ್ತದೆ ಎಂದು ಹೇಗೆ ಗೊತ್ತಾಯಿತು ಎಂದು ಕೇಳಿದಳು.

“ನೀನು ಹೊಡೆಯೋ ಮುಂಚೆ ಬಲ ಮೊಣಕೈ ಎತ್ಬಿಡ್ತೀಯ. ಪಕ್ಕೆ ಬಾಗಿಲು ತೆಗೆದಂಗಿರತ್ತೆ.”

ಒದ್ದೆ ಬಟ್ಟೆಗಳ ನಡುವೆಯೇ ಅವಳು ಹುಡುಗಿಯ ಮೊಣಕೈಯನ್ನು ಹಿಡಿದು ಒಳಕ್ಕೆ ತಂದಳು, ಪಾದ ತಿರುಗಿಸಿದಳು, ಮತ್ತೆ ಮಾಡು ಎಂದಳು. ಬಟ್ಟೆ ಪೂರ್ತಿ ಒಣಗಹಾಕುವಷ್ಟರಲ್ಲಿ ಮಧ್ಯಾಹ್ನವಾಯಿತು. ದಾಲಿಸ್ ಮರುಪಂದ್ಯ ಕೇಳಿದ್ದಾಳೆ, ರಿಂಗಿನಲ್ಲಿ ನನ್ನ ಮೂಲೆಗೆ ನಿಂತು ಹೇಳಿಕೊಡುತ್ತೀರಾ ಎಂದು ಯಾನಿಸೆಲ್ ಕೇಳಿದಳು. ತೀರ್ಪುಗಾರರು ಯಾರ ಮೂಲೆಯಲ್ಲೂ ನಿಲ್ಲುವಂತಿಲ್ಲ. ಎನೈದಾ ನೋಡೋಣ ಎಂದಷ್ಟೇ ಹೇಳಿ ಇಳಿದು ಬಂದಳು.

ವಿಷಯ ತಿಳಿದು ಮೇಷ್ಟ್ರು ಅಂಗಡಿಗೇ ಬಂದರು. ತೀರ್ಪುಗಾರಿಕೆ ಬಿಡಬೇಡಿ ಎಂದರು. ಯಾರಾದರೂ ನಗುವುದು ಕಂಡರೆ ಈಗ ತಮಗೂ ಅನುಮಾನ ಬರುತ್ತದೆ, ಮೂವರಲ್ಲಿ ಒಬ್ಬರಾದರೂ ಏಟು ತಿಂದವರು ಇರಬೇಕು ಎಂದು ವಾದಿಸಿದರು.

“ನಿಮಗದು ಸರಿ ಮೇಷ್ಟ್ರೇ. ಆ ಒಬ್ಬಳಿಗೆ ನಿದ್ದೆ ಬರಲ್ಲ.”

ಬಾಕ್ಸಿಂಗ್ ಆಯೋಗಕ್ಕೆ ಹೋಗಿ ಅವಳು ತೀರ್ಪುಗಾರರ ಪರವಾನಗಿ ಹಿಂದಿರುಗಿಸಿದಳು. ತಪ್ಪು ಒಪ್ಪಿಕೊಂಡಂತಾಯಿತೇ ಎಂದು ಕಾರ್ಯದರ್ಶಿ ಕೇಳಿದರು. ಎಂಟನೆಯ ಸುತ್ತಿಗೆ ಬರೆದದ್ದು ತಪ್ಪು, ಆರನೆಯದಕ್ಕೆ ಬರೆದದ್ದನ್ನು ಯಾರು ಹೇಳಿದರೂ ಅಳಿಸುವುದಿಲ್ಲ ಎಂದು ಹೇಳಿ ಹೊರಬಂದಳು.

ಮರುಪಂದ್ಯ ರಾಜಧಾನಿಯಲ್ಲಿ ನಡೆಯಿತು. ಎನೈದಾ ಮೂಲೆಯಲ್ಲಿ ನಿಂತು ಗಂಟಲು ಹರಿಯುವಂತೆ ಕೂಗಿದಳು. ಯಾನಿಸೆಲ್ ಪಕ್ಕೆ ಬಿಟ್ಟುಕೊಡಲಿಲ್ಲ, ಆದರೂ ಸೋತಳು. ಇಬ್ಬರು ತೀರ್ಪುಗಾರರು ದಾಲಿಸಳಿಗೆ ಗೆಲುವು ಕೊಟ್ಟಿದ್ದರು; ಅವರಲ್ಲೊಬ್ಬ ಹಳೆಯ ಬಾಕ್ಸರು. ಎನೈದಾ ಅವನ ಮೇಜಿನವರೆಗೂ ಹೋಗಿ ಕೂಗಾಡಿದಳು. ಜೊತೆಯವರು ಎಳೆದುಕೊಂಡು ಬರಬೇಕಾಯಿತು.

ಕೊಲೋನಿಗೆ ಮರಳುವ ಬಸ್ಸಿನಲ್ಲಿ ಯಾನಿಸೆಲ್ ಕೆನ್ನೆಗೆ ಐಸು ಒತ್ತಿಕೊಂಡು ಕೂತಿದ್ದಳು.

“ಅಕ್ಕ, ನಿಜ ಹೇಳಿ. ಆ ಹಳೇ ಬಾಕ್ಸರು ಕೊಟ್ಟಿದ್ದು ತಪ್ಪಾ?”

“ಗೊತ್ತಿಲ್ಲ ಕಣೇ,” ಎಂದಳು ಎನೈದಾ. “ದಾಲಿಸ್ ಕಡೆ ನಾನು ನೋಡ್ಲೇ ಇಲ್ಲ.”